ಎರಡು ಕೈಟ್, ಒಂದು ದಿನ: ನೀರಿಂದ ಮೇಲೆ ಬಂದ ಮೇಲೆ ಹೋಲಿಸಿ ನೋಡುವುದು ಹೇಗೆ

ಕಲಬುರಗಿ, ಬೀದರ್ ಕಡೆಯಿಂದ ಕೈಟ್‌ಸರ್ಫಿಂಗಿಗೆ ಹೋಗುವವರು ಸಾಮಾನ್ಯವಾಗಿ ಒಂದೇ ಕೈಟ್ ಕೊಳ್ಳುತ್ತಾರೆ. ದೊಡ್ಡ ಪತಂಗದಂಥ ಕೈಟನ್ನು ಗಾಳಿಗೆ ಹಾರಿಸಿ, ಅದರ ಎಳೆತಕ್ಕೆ ಬೋರ್ಡ್ ಎಂಬ ಹಲಗೆಯ ಮೇಲೆ ನಿಂತು ನೀರಿನಲ್ಲಿ ಓಡುವ ಆಟ ಇದು. ಕಡಲ ದಂಡೆಯಲ್ಲಿ ಮನೆ ಇರುವವರು ಗಾಳಿಗೆ ತಕ್ಕ ಹಾಗೆ 7, 9, 12 ಚದರ ಮೀಟರಿನ ಮೂರು ಇಟ್ಟುಕೊಳ್ಳಬಹುದು. ನಾವು ಮುಂಬೈ–ಚೆನ್ನೈ ಲೈನಿನ ರೈಲು ಹತ್ತಿ, ಚೆನ್ನೈಯಲ್ಲಿ ಇಳಿದು, ಮತ್ತೆ ರಾಮೇಶ್ವರದ ರೈಲು ಹಿಡಿಯುವವರು. ಬರ್ತಿನ ಕೆಳಗೆ ಒಂದು ಬ್ಯಾಗ್ ತೂರಿಸುವುದೇ ಕಷ್ಟ. ಹೊಸ ಕೈಟಿನ ಬೆಲೆಯೂ ಒಂದು ಲಕ್ಷ ದಾಟುತ್ತದೆ. ಹಾಗಾಗಿ ಕೊಳ್ಳುವ ಮೊದಲು ಎರಡನ್ನು ಬಾಡಿಗೆಗೆ ತೆಗೆದುಕೊಂಡು, ಒಂದೇ ದಿನ ಎರಡನ್ನೂ ಹಾರಿಸಿ, ಸಂಜೆ ಕೂತು ಹೋಲಿಸಿ ನೋಡುವುದು ನಮಗೆ ಬೇರೆಯವರಿಗಿಂತ ಜಾಸ್ತಿ ಮುಖ್ಯ.

ನನ್ನದು ನೆಹರು ಗಂಜಿನಲ್ಲಿ ತೊಗರಿ ಬೇಳೆಯ ಚೀಲ ಹೊಲಿಸುವ ಅಂಗಡಿ. ಬಟ್ಟೆ, ಹೊಲಿಗೆ, ತೂಕ ಇವೆಲ್ಲ ದಿನಾ ಕೈಯಲ್ಲಿ ಓಡಾಡುವಂಥವು. ನನ್ನ ತೂಕ 58 ಕಿಲೋ. ನನ್ನ ಜೊತೆ ಬರುವವನು ಚಿಗವ್ವನ ಮಗ, ಬೀದರಿನವನು, 78 ಕಿಲೋ. ಈ ಎರಡು ತೂಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಧನುಷ್ಕೋಡಿ ಕಡೆ ನಾವು ಹೋಲಿಸಿದ ಎರಡೂ ಕೈಟ್ 9 ಚದರ ಮೀಟರಿನವು. ಹಳದಿಯದಕ್ಕೆ ಮೂರು ಸ್ಟ್ರಟ್, ನೀಲಿಯದಕ್ಕೆ ಐದು. ಕೈಟಿನ ಮುಂಭಾಗದಲ್ಲಿ ಗಾಳಿ ತುಂಬಿದ ದಪ್ಪ ಕೊಳವೆ ಇರುತ್ತದಲ್ವಾ, ಅದು ಲೀಡಿಂಗ್ ಎಡ್ಜ್. ಅದರಿಂದ ಹಿಂದಕ್ಕೆ ಚಾಚಿದ ಸಣ್ಣ ಕೊಳವೆಗಳು ಸ್ಟ್ರಟ್. ಸ್ಟ್ರಟ್ ಕಡಿಮೆ ಇದ್ದರೆ ಕೈಟ್ ಹಗುರ, ಸಣ್ಣ ಗಾಳಿಯಲ್ಲೂ ಮೇಲೆ ನಿಲ್ಲುತ್ತದೆ. ಜಾಸ್ತಿ ಇದ್ದರೆ ಮೈ ಗಟ್ಟಿ, ಜೋರು ಗಾಳಿಯಲ್ಲಿ ಆಕಾರ ಕೆಡುವುದಿಲ್ಲ. ಇದು ಸಾಮಾನ್ಯ ಲೆಕ್ಕ. ನೀವು ಹಿಡಿದ ಕೈಟ್ ಹಾಗೇ ನಡೆದುಕೊಳ್ಳುತ್ತದೋ ಇಲ್ಲವೋ ನೀರಿನ ಮೇಲೆಯೇ ಗೊತ್ತಾಗಬೇಕು.

ಹೋಲಿಸುವುದಾದರೆ ಒಂದೇ ಜಾತಿಯವನ್ನು ಹೋಲಿಸಿ. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಮಾರ್ಸೇ ಕಡಲಲ್ಲಿ ನಡೆದ ರೇಸಿನ ಕೈಟುಗಳಿಗೆ ಪಂಪ್ ಹೊಡೆಯುವ ಕೊಳವೆಯೇ ಇಲ್ಲ. ಅವುಗಳ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಪಂಪ್ ಹೊಡೆದು ಉಬ್ಬಿಸುವ ಕೈಟುಗಳ ಮಾತು.

ಗಾಳಿಯ ಪಾಲು ಬೇರೆ, ಕೈಟಿನ ಪಾಲು ಬೇರೆ

ಬೆಳಿಗ್ಗೆ ಒಂದು ಹಾರಿಸಿ, ಮಧ್ಯಾಹ್ನ ಇನ್ನೊಂದು ಹಾರಿಸಿ, "ಎರಡನೆಯದ್ದೇ ಜೋರು" ಎಂದು ಬಹಳ ಜನ ಹೇಳುತ್ತಾರೆ. ಅದರಲ್ಲಿ ಅರ್ಧ ಮಾತು ಗಾಳಿಯದು. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಳಿಗ್ಗೆ 14 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದ ಗಾಳಿ ಮಧ್ಯಾಹ್ನ 18 ಆಯಿತು ಅಂದುಕೊಳ್ಳಿ. ಅಂಕಿ ನೋಡಿದರೆ ನಾಲ್ಕೇ ಜಾಸ್ತಿ. ಆದರೆ ಎಳೆತ ಸುಮಾರು 65 ಶೇಕಡಾ ಜಾಸ್ತಿ. ಯಾವ ಕೈಟ್ ಹಿಡಿದರೂ ಆಗ ಹುರುಪು ಬರುತ್ತದೆ.

ಇದಕ್ಕೆ ಮದ್ದು ಸುಲಭ. ಹಳದಿ, ನೀಲಿ, ಮತ್ತೆ ಹಳದಿ. ಮೊದಲು ಹಾರಿಸಿದ್ದನ್ನು ಕೊನೆಗೆ ಇನ್ನೊಮ್ಮೆ ಹಾರಿಸಿ. ಒಂದೊಂದಕ್ಕೆ ಮುಕ್ಕಾಲು ಗಂಟೆ ಸಾಕು. ಮೊದಲ ಹಳದಿಗೂ ಕೊನೆಯ ಹಳದಿಗೂ ನಡುವೆ ಕಂಡ ವ್ಯತ್ಯಾಸ ಗಾಳಿಯದು. ಅದನ್ನು ತೆಗೆದು ಮಿಕ್ಕಿದ್ದು ನೀಲಿಯದು. ಜೊತೆಗೆ ಒಬ್ಬರಿದ್ದರೆ ಇನ್ನೂ ಚಲೋ. ಇಬ್ಬರೂ ಒಟ್ಟಿಗೆ ನೀರಿಗಿಳಿದು, ನಡುವೆ ದಡಕ್ಕೆ ಬಂದು ಕೈಟ್ ಬದಲಿಸಿಕೊಳ್ಳಿ.

ಪ್ರತಿ ಸಲ ಇಳಿಯುವ ಮೊದಲು ಗಾಳಿ ಅಳೆದು ಬರೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಚಿಕ್ಕ ಗಾಳಿ ಮೀಟರ್ ಸಾಕು. ಒಂದು ನಿಮಿಷ ಹಿಡಿದು ಕಡಿಮೆ ಎಷ್ಟು, ಜಾಸ್ತಿ ಎಷ್ಟು ಎಂದು ಎರಡೂ ನೋಡಿ. 14ರಿಂದ 16ರ ನಡುವೆ ಆಡುವ ಗಾಳಿಯೂ 10ರಿಂದ 20ಕ್ಕೆ ಹಾರುವ ಗಾಳಿಯೂ ಸರಾಸರಿಯಲ್ಲಿ ಒಂದೇ. ಕೈಗೆ ಮಾತ್ರ ಒಂದೇ ಅಲ್ಲ. ಮೀಟರ್ ಇಲ್ಲದಿದ್ದರೆ ನೀರು ನೋಡಿ. ಅಲ್ಲಲ್ಲಿ ಬಿಳಿ ನೊರೆ ತಲೆ ಎತ್ತಲು ಶುರುವಾದರೆ 12 ನಾಟ್ ಆಸುಪಾಸು, ಅಂದರೆ ಗಂಟೆಗೆ 22 ಕಿ.ಮೀ.

ನೀರೂ ಒಂದೇ ಇರಬೇಕು. ಧನುಷ್ಕೋಡಿಯ ಮರಳಿನ ಪಟ್ಟಿಯ ಒಂದು ಕಡೆ ಮನ್ನಾರ್ ಕೊಲ್ಲಿ, ಇನ್ನೊಂದು ಕಡೆ ಪಾಕ್ ಕೊಲ್ಲಿ. ನೈಋತ್ಯ ಗಾಳಿ ಬೀಸುವ ತಿಂಗಳುಗಳಲ್ಲಿ ಒಂದು ಕಡೆ ಅಲೆ ಏಳುತ್ತದೆ, ಇನ್ನೊಂದು ಕಡೆ ನೀರು ಚಪ್ಪಟೆ. ಒಂದು ಕೈಟ್ ಈ ಕಡೆ, ಇನ್ನೊಂದು ಆ ಕಡೆ ಹಾರಿಸಿದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ಚಪ್ಪಟೆ ನೀರು ಇರುವ ಕಡೆ ಗಾಳಿ ದಡದಿಂದ ಹೊರಕ್ಕೆ ಬೀಸುತ್ತಿರುತ್ತದೆ ಎಂಬುದೂ ನೆನಪಿರಲಿ. ರಕ್ಷಣೆಗೆ ದೋಣಿ ನಿಂತಿರದಿದ್ದರೆ ಅಲ್ಲಿ ಇಳಿಯಲೇಬೇಡಿ.

ಬಾರ್, ದಾರ, ಪಂಪ್

ಎರಡೂ ಕೈಟಿಗೆ ಒಂದೇ ಬೋರ್ಡ್, ಒಂದೇ ಹಾರ್ನೆಸ್ (ಎಳೆತ ತಡೆಯಲು ಸೊಂಟಕ್ಕೆ ಕಟ್ಟುವ ಪಟ್ಟಿ). ಸಾಧ್ಯವಾದರೆ ಬಾರ್, ಅಂದರೆ ಕೈಯಲ್ಲಿ ಹಿಡಿದು ಕೈಟ್ ತಿರುಗಿಸುವ ದಾರ ಕಟ್ಟಿದ ಕೋಲು, ಅದೂ ಒಂದೇ. ಕೊನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ಒಂದಕ್ಕೆ 20 ಮೀಟರ್ ದಾರ, ಇನ್ನೊಂದಕ್ಕೆ 24 ಮೀಟರ್ ದಾರ ಇದ್ದರೆ ನೀವು ಹೋಲಿಸುತ್ತಿರುವುದು ದಾರವನ್ನು. ಉದ್ದ ದಾರದಲ್ಲಿ ಕೈಟ್ ದೊಡ್ಡ ಸುತ್ತು ಹಾಕುತ್ತದೆ, ಎಳೆತ ಜಾಸ್ತಿ, ಉತ್ತರ ಕೊಡುವುದು ತಡ. ಒಂದೇ ಬಾರ್ ಎರಡಕ್ಕೂ ಕೂಡುತ್ತದೋ ಇಲ್ಲವೋ ಬಾಡಿಗೆ ಕೊಡುವವರನ್ನೇ ಕೇಳಿ. ಕೂಡದಿದ್ದರೆ ದಾರದ ಉದ್ದವಾದರೂ ಒಂದೇ ಇರಲಿ.

ಹಳೆ ಬಾರಿನಲ್ಲಿ ಇನ್ನೊಂದು ನೋಡಬೇಕು. ಭಾರದ ಬಹುಪಾಲು ಮುಂದಿನ ಎರಡು ದಾರದ ಮೇಲೆ ಬೀಳುತ್ತದೆ. ಬಳಸಿ ಬಳಸಿ ಅವು ಸ್ವಲ್ಪ ಹಿಗ್ಗುತ್ತವೆ. ಆಗ ಹಿಂದಿನ ದಾರ ಗಿಡ್ಡ ಆದ ಹಾಗೆ. ಕೈಟ್ ಮೂಗು ಮೇಲೆತ್ತಿ, ಹಿಂದಕ್ಕೆ ಜಾರಿ ಬೀಳುತ್ತದೆ. ಸಂಕ್ರಾಂತಿ ಪತಂಗಕ್ಕೆ ಸೂತ್ರ ಕಟ್ಟುವಾಗ ಗಂಟು ಒಂದು ಬೆರಳು ಆಚೀಚೆ ಆದರೆ ಪತಂಗ ಏಳದೆ ಗಿರಕಿ ಹೊಡೆಯುವುದನ್ನು ನಮ್ಮೂರ ಮಾಳಿಗೆ ಮೇಲೆ ಎಲ್ಲರೂ ನೋಡಿದ್ದೀರಿ, ಇದೂ ಅದೇ. ನಾಲ್ಕೂ ದಾರದ ತುದಿಯನ್ನು ಒಂದೇ ಗೂಟಕ್ಕೆ ಸಿಕ್ಕಿಸಿ, ಟ್ರಿಮ್ (ಮುಂದಿನ ದಾರದ ಉದ್ದ ಹೊಂದಿಸುವ ಪಟ್ಟಿ) ಪೂರ್ತಿ ಬಿಟ್ಟು, ಬಾರ್ ಜಗ್ಗಿ ನಿಲ್ಲಿ. ನಾಲ್ಕೂ ಬಿಗಿಯಾಗಿ, ಬಾರ್ ನೆಟ್ಟಗೆ ನಿಂತರೆ ಸರಿ. ಎರಡು ನಿಮಿಷದ ಕೆಲಸ.

ಪಂಪ್ ಹೊಡೆಯುವಾಗ ಅಳತೆ ಮುಳ್ಳು ನೋಡಿ. ಎಷ್ಟು ತುಂಬಬೇಕು ಎಂದು ಬಹಳಷ್ಟು ಕೈಟಿನ ಮೇಲೇ ಬರೆದಿರುತ್ತದೆ. 9 ಚದರ ಮೀಟರಿಗೆ 6ರಿಂದ 8 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಸಾಮಾನ್ಯ. ಕಡಿಮೆ ತುಂಬಿದ ಕೈಟ್ ತಿರುವಿನಲ್ಲಿ ಮೈ ಬಗ್ಗಿಸುತ್ತದೆ, ಅದು ಕೈಗೆ ಸೋಮಾರಿತನದ ಹಾಗೆ ಅನ್ನಿಸುತ್ತದೆ. ಅದು ಕೈಟಿನ ಗುಣ ಅಲ್ಲ. ಬಿಸಿಲಲ್ಲಿ ತುಂಬಿ ನೀರಿಗೆ ಬಿದ್ದರೆ ಒಳಗಿನ ಗಾಳಿ ತಣ್ಣಗಾಗಿ ಬಿಗಿ ಇಳಿಯುತ್ತದೆ. ಬದಲಿಸುವ ಹೊತ್ತಿಗೆ ಮತ್ತೊಮ್ಮೆ ಅಳೆಯಿರಿ.

ನೀರಿನ ಮೇಲೆ

ಸುಮ್ನೆ ಆ ಕಡೆ ಈ ಕಡೆ ಓಡಾಡಿದರೆ ಖುಷಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಎರಡೂ ಕೈಟಿಗೆ ಅವೇ ಕೆಲಸಗಳನ್ನು ಅದೇ ಕ್ರಮದಲ್ಲಿ ಕೊಡಿ.

ಮೊದಲು ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿ, ಬಾರ್ ಮೇಲಿನ ಹಿಡಿತ ಸಡಿಲಿಸಿ. ಅಲ್ಲೇ ನಿಲ್ಲುತ್ತದೆಯೋ, ಒಂದು ಕಡೆ ವಾಲುತ್ತದೆಯೋ, ಹಿಂದಕ್ಕೆ ಜಾರುತ್ತದೆಯೋ ನೋಡಿ. ಬೋರ್ಡ್ ಕಾಲಿಗೆ ಹಾಕಿಕೊಳ್ಳುವಾಗ, ಉಪ್ಪು ನೀರು ಕಣ್ಣಿಗೆ ಹೋದಾಗ ನಿಮ್ಮನ್ನು ಕಾಯುವುದು ಈ ಗುಣ. ಆಮೇಲೆ ಗಾಳಿಯಲ್ಲಿ ಎಂಟರ ಆಕಾರ ಬರೆಸಿ. ಹಳದಿ ತನ್ನ ರೆಕ್ಕೆಯ ತುದಿಯ ಮೇಲೇ ತಿರುಗಿಬಿಡುತ್ತಿತ್ತು, ತಿರುಗುವಾಗ ಎಳೆತ ಹೆಚ್ಚೇನೂ ಹುಟ್ಟುತ್ತಿರಲಿಲ್ಲ. ನೀಲಿ ದೊಡ್ಡ ಬಾಗು ಹಾಕಿ, ಬಾಗಿನ ಉದ್ದಕ್ಕೂ ಜಗ್ಗುತ್ತಿತ್ತು. ಹೊಸಬರಿಗೆ ಹಳದಿಯ ತಿರುವು ಸಲೀಸು. ನೀರಿಂದ ಮೇಲಕ್ಕೆ ಹಾರಲು ಇಷ್ಟಪಡುವವರಿಗೆ ನೀಲಿಯದು ಬೇಕಾಗುತ್ತದೆ.

ಮೂರನೆಯದು ಬೋರ್ಡ್ ಮೇಲೆ ಎದ್ದು ನಿಲ್ಲುವುದು. ಕೈಟನ್ನು ಎಷ್ಟು ಸಲ ಧುಮುಕಿಸಿದರೆ ಬೋರ್ಡ್ ಓಡಲು ಶುರುವಾಗುತ್ತದೆ? ಓಡಲು ಶುರುವಾದ ಮೇಲೆ ಕೈಟನ್ನು ಒಂದೇ ಕಡೆ ನಿಲ್ಲಿಸಿದರೂ ಓಟ ಉಳಿಯುತ್ತದೆಯೋ, ಇಲ್ಲಾ ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕೋ? ಆಡಿಸುತ್ತಲೇ ಇರಬೇಕಾದರೆ ಆ ಗಾಳಿ ಆ ಕೈಟಿಗೆ ಸಾಲದು. ಅಲ್ಲಿಯ ಗಾಳಿಯ ಅಂಕಿ ಬರೆದುಕೊಳ್ಳಿ, ಅದೇ ಅದರ ಕೆಳಗಿನ ಮಿತಿ.

ನಂತರ ಗಾಳಿಗೆ ಎದುರು ಏರುವುದು. ಲಂಗರು ಹಾಕಿದ ದೋಣಿಯನ್ನು ಗುರುತು ಇಟ್ಟುಕೊಂಡು ಆ ಕಡೆ ಈ ಕಡೆ ಎರಡು ಸಲ ಹೋಗಿ ಬನ್ನಿ. ಹೊರಟ ಜಾಗಕ್ಕಿಂತ ಎಷ್ಟು ಮೇಲೆ, ಅಂದರೆ ಗಾಳಿ ಬರುವ ಕಡೆಗೆ, ಬಂದಿದ್ದೀರಿ? ಕೆಳಗೆ ಜಾರಿದರೆ ಬೋರ್ಡ್ ಹಿಡಿದು ಮರಳಿನಲ್ಲಿ ನಡೆಯುವುದೇ ದಿನದ ಕೆಲಸವಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಢೀಲ್ ಕೊಡುವುದು. ಗಾಳಿ ಒಮ್ಮೆಲೇ ಜೋರಾದಾಗ ಬಾರ್ ದೂರ ದೂಡಿದರೆ ಎಳೆತ ಹೇಗೆ ಇಳಿಯುತ್ತದೆ? 2005ರ ಆಸುಪಾಸಿನಲ್ಲಿ ಬೋ ಕೈಟ್ ಎಂಬ ಕಡಿಮೆ ಬಾಗಿನ ಕೈಟ್ ಬಂದ ಮೇಲೆ ಬಾರ್ ದೂಡಿ ಎಳೆತವನ್ನು ಬಹುತೇಕ ಪೂರ್ತಿ ಬಿಡುವ ಹಾಗಾಯಿತು. ಈಗಿನ ಹೆಚ್ಚಿನ ಕೈಟುಗಳಲ್ಲಿ ಆ ಗುಣ ಇದೆ. ಆದರೆ ಬಿಡುವ ರೀತಿ ಒಂದೊಂದರದ್ದು ಒಂದೊಂದು. ನೀಲಿಯ ಬಾರ್ ನಾಲ್ಕು ಬೆರಳಷ್ಟು ದೂಡುತ್ತಿದ್ದ ಹಾಗೇ ಎಳೆತ ಫಕ್ಕನೆ ಇಳಿಯುತ್ತಿತ್ತು. ವಾಪಸ್ ಎಳೆದರೆ ಅಷ್ಟೇ ಫಕ್ಕನೆ ಬರುತ್ತಿತ್ತು. ಹಳದಿ ದೂಡಿದಷ್ಟೇ ಬಿಡುತ್ತಿತ್ತು, ಎಳೆದಷ್ಟೇ ಕೊಡುತ್ತಿತ್ತು. ಆದರೆ 20 ನಾಟ್ ದಾಟಿದ ಮೇಲೆ ಹಳದಿಯ ಹಿಂದಿನ ಅಂಚು ಪಟಪಟ ಬಡಿದುಕೊಳ್ಳಲು ಶುರು ಮಾಡಿತು. ಬಾರ್ ಪೂರ್ತಿ ದೂಡಿದರೂ ಸೊಂಟಕ್ಕೆ ಎಳೆತ ಉಳಿದೇ ಇತ್ತು. ಅದೇ ಗಾಳಿಯಲ್ಲಿ ನೀಲಿ ಸದ್ದಿಲ್ಲದೆ ನಿಂತಿತ್ತು. ಮೇಲಿನ ಮಿತಿ ಗೊತ್ತಾಗುವುದು ಇಲ್ಲಿ. ಬಾರ್ ತೋಳಿನಷ್ಟು ದೂರ ಹೋದ ಮೇಲೂ ಬೋರ್ಡಿನ ಅಂಚು ಒತ್ತಿ ನಿಲ್ಲಲು ಹೆಣಗುತ್ತಿದ್ದರೆ ಆ ಅಂಕಿ ಬರೆಯಿರಿ, ದಡಕ್ಕೆ ಬನ್ನಿ.

ಬೀಳಿಸಿ ಎಬ್ಬಿಸುವುದನ್ನೂ ಬಿಡಬೇಡಿ. ಫ್ರಾನ್ಸಿನ ಲೆಗೆನ್ಯೂ ಅಣ್ಣತಮ್ಮಂದಿರು 1984ರಲ್ಲಿ ಪೇಟೆಂಟಿಗೆ ಹಾಕಿದ ಗಾಳಿ ತುಂಬುವ ಕೊಳವೆಯ ಉದ್ದೇಶವೇ ಅದು: ನೀರಿಗೆ ಬಿದ್ದ ಕೈಟ್ ಮುಳುಗದೆ ಮತ್ತೆ ಏಳಬೇಕು. ಸುತ್ತ ಯಾರೂ ಇಲ್ಲದ, ಎದೆ ಮಟ್ಟದ ನೀರಿನಲ್ಲಿ ಬೇಕೆಂದೇ ಬೀಳಿಸಿ. ಒಂದು ಹಿಂದಿನ ದಾರ ಜಗ್ಗಿ, ಅಂಚಿಗೆ ಉರುಳಿ ಮೇಲೇಳಲು ಎಷ್ಟು ಹೊತ್ತು ಬೇಕು ನೋಡಿ. ಸಣ್ಣ ಗಾಳಿಯಲ್ಲೂ ಇದನ್ನು ಮಾಡಿ, ಏಕೆಂದರೆ ಕೈಟ್ ಬೀಳುವುದು ಸಾಮಾನ್ಯವಾಗಿ ಗಾಳಿ ಇಳಿದಾಗಲೇ. ಅದೇ ನೀರಿನಲ್ಲಿ, ಅಪಾಯದಲ್ಲಿ ಎಳೆತ ಒಮ್ಮೆಲೇ ಬಿಡಿಸುವ ಕ್ವಿಕ್ ರಿಲೀಸನ್ನೂ ಒಮ್ಮೆ ಒತ್ತಿ. ಕೈಟ್ ಒಂದೇ ದಾರಕ್ಕೆ ಜೋತು, ಎಳೆತ ಪೂರ್ತಿ ಸತ್ತು ಬೀಳಬೇಕು. ಇದಕ್ಕೆ 2020ರಿಂದ ಐಎಸ್ಒ 21853 ಎಂಬ ಮಾನದಂಡವೇ ಇದೆ. ಹೊಸ ಬಾರ್ ಕೊಳ್ಳುವಾಗ ಆ ಅಂಕಿ ಇದೆಯಾ ಎಂದು ಕೇಳಿ.

ಹಾರುವುದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ಕೈಟಿಗಿಂತ ಕಲಿಕೆಯ ಮೇಲೆ ಜಾಸ್ತಿ ನಿಂತಿದೆ.

ಸಂಜೆ

ಪ್ರತಿ ಸಲ ದಡಕ್ಕೆ ಬಂದಾಗ, ಕೈ ಒರೆಸಿಕೊಂಡು ಫೋನಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಊಟ ಆದ ಮೇಲೆ ಬರೆಯುತ್ತೇನೆ ಅಂದರೆ ಎರಡೂ ಕೈಟ್ ಕಲಸಿಹೋಗುತ್ತವೆ. ಏನು ಹೇಳಬೇಕು ಎಂದು ತೋಚದಿದ್ದರೆ ಮೈಯನ್ನು ಕೇಳಿ. ಮುಂಗೈ ಸೋತಿದ್ದರೆ ಬಾರ್ ಬಿರುಸು, ತಿರುಗಿಸಲು ಜಾಸ್ತಿ ಬಲ ಬೇಕಾಯಿತು ಎಂದರ್ಥ. ಸೊಂಟದ ಹಿಂಭಾಗ ಹಿಡಿದುಕೊಂಡಿದ್ದರೆ ಕೈಟ್ ಬಿಡದೆ ಎಳೆಯುತ್ತಿತ್ತು. ಹಿಂಗಾಲಿನ ತೊಡೆ ಉರಿಯುತ್ತಿದ್ದರೆ ನೀವು ಉದ್ದಕ್ಕೂ ಅಂಚು ಒತ್ತಿ ಎಳೆತದ ಜೊತೆ ಗುದ್ದಾಡಿದ್ದೀರಿ. ನೀಲಿಯಿಂದ ಇಳಿದಾಗ ನನ್ನ ಮುಂಗೈ ಬಿಗಿದಿತ್ತು. ಕೊನೆಯ ಹಳದಿಯಿಂದ ಇಳಿದಾಗ ತೊಡೆ.

ಆಮೇಲೆ ಒಂದು ಹಾಳೆಯ ನಡುವೆ ಗೆರೆ ಎಳೆದು, ಎರಡು ಕಡೆ ಎರಡು ಕೈಟ್ ಇಟ್ಟು ತುಂಬಿಸಿ. ಎದುರೆದುರು ಹಾಳೆ ಹಿಡಿದು ಕೂತಾಗ ತಮ್ಮ ಕೇಳಿದ: "ಅಕ್ಕಾ, ಯಾವ್ದು ಚಲೋ ಅದ, ಒಂದೇ ಮಾತಿನ್ಯಾಗ ಹೇಳಿಬಿಡು."

"ಯಾವ ಗಾಳಿಗಿ ಅಂತ ಮೊದಲ ನೀ ಹೇಳು ತಮ್ಮಾ."

ನಮ್ಮಿಬ್ಬರ ಹಾಳೆ ಒಂದಕ್ಕೊಂದು ಉಲ್ಟಾ ಇದ್ದವು. ನನಗೆ ಹಳದಿ 13 ನಾಟಿಗೇ ಓಡಿತ್ತು, 20ಕ್ಕೆ ಸಾಕಾಗಿತ್ತು. ನೀಲಿಗೆ 15 ಬೇಕಾಯಿತು, 24ರವರೆಗೂ ತಡೆಯಿತು. ಅವನಿಗೆ 17ರ ಕೆಳಗೆ ಎರಡೂ ಸರಿಯಾಗಿ ಎಳೆದಿರಲಿಲ್ಲ, ನೀಲಿ ಮಾತ್ರ 22ಕ್ಕೆ ಹಿಡಿಸಿತ್ತು. ಇಪ್ಪತ್ತು ಕಿಲೋ ವ್ಯತ್ಯಾಸ ಮಾಡುವುದು ಇದನ್ನೇ. ಹಾಗಾಗಿ ಯಾರಾದರೂ ಈ ಕೈಟ್ ಅದ್ಭುತ ಅಂದರೆ ಮೊದಲು ಅವರ ತೂಕ ಕೇಳಿ, ಆಮೇಲೆ ಆ ದಿನದ ಗಾಳಿ ಕೇಳಿ.

ಅಂಕಿ ನೋಡಿದರೆ ನನಗೂ ನೀಲಿಯದೇ ಅಗಲ ಜಾಸ್ತಿ. 15ರಿಂದ 24, ಒಂಬತ್ತು ನಾಟ್. ಹಳದಿಯದು ಏಳೇ. ಆದರೆ ಆ ಅಗಲವನ್ನು ನಿಮಗೆ ಸಿಗುವ ಗಾಳಿಯ ಮೇಲೆ ಇಟ್ಟು ನೋಡಬೇಕು. ಆ ವಾರದ ನನ್ನ ಪುಸ್ತಕದಲ್ಲಿ ಹೆಚ್ಚಿನ ಗಂಟೆಗಳು 13ರಿಂದ 18ರ ನಡುವೆ ಇದ್ದವು. 20 ದಾಟಿದ್ದು ಅಪರೂಪಕ್ಕೆ. ನೀಲಿ ತೆಗೆದುಕೊಂಡಿದ್ದರೆ ಬೆಳಗಿನ ಎಷ್ಟೋ ಹೊತ್ತು ಮರಳಿನ ಮೇಲೆ ಕೂತಿರಬೇಕಾಗಿತ್ತು. ಇಷ್ಟು ದೂರದ ರೈಲು ಹತ್ತಿ ಬಂದವರಿಗೆ ಆ ಹೊತ್ತು ಬಹಳ ದೊಡ್ಡದು.

ಊರಿಗೆ ಬಂದ ಮೇಲೆ

ಬಳಸಿದ ಕೈಟ್ ಕೊಳ್ಳುವವರಾದರೆ ಅರ್ಧ ಹೋಲಿಕೆ ಇನ್ನೂ ಬಾಕಿ ಇದೆ. ಮಾರುವವರು ಒಪ್ಪಿದರೆ ರಾತ್ರಿಯಿಡೀ ಉಬ್ಬಿಸಿ ಇಡಿ. ರಾತ್ರಿ ತಂಪಾದಾಗ ಸ್ವಲ್ಪ ಮೆತ್ತಗಾಗುವುದು ಸಹಜ. ಬೆಳಿಗ್ಗೆ ಜೋತುಬಿದ್ದಿದ್ದರೆ ಸೋರಿಕೆ ಇದೆ. ವಾಲ್ವಿನ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸೂಜಿ ಮೊನೆಯಷ್ಟು ತೂತೂ ಕಾಣುತ್ತದೆ. ಹೊಸ ಬಟ್ಟೆ ಮುದುಡಿದರೆ ಗರಗರ ಸದ್ದು ಬರುತ್ತದೆ. ಬಿಸಿಲಿಗೆ ಸವೆದದ್ದು ಸದ್ದು ಕಳೆದುಕೊಂಡು ಹಳೆ ಸೀರೆಯಷ್ಟು ಮೆತ್ತಗಾಗಿರುತ್ತದೆ. ಬೆರಳಿಂದ ಹಿಂದಿನ ಅಂಚಿನ ಹೊಲಿಗೆಯನ್ನು ತುದಿಯಿಂದ ತುದಿಗೆ ಸವರಿ. ಬಡಿದುಕೊಂಡು ಮೊದಲು ಬಿಡುವುದು ಅದೇ. ನಾನು ಎರಡನ್ನೂ ತೂಕಕ್ಕೆ ಹಾಕಿದೆ. ಹಳದಿ ಅರ್ಧ ಕಿಲೋ ಹಗುರ ಇತ್ತು. ಸಣ್ಣ ಗಾಳಿಯಲ್ಲಿ ಅದು ಬೇಗ ಎದ್ದದ್ದು ಏಕೆ ಎಂದು ಆಗ ಸ್ಪಷ್ಟವಾಯಿತು.

ಉಪ್ಪು ತೊಳೆದು ನೆರಳಲ್ಲಿ ಒಣಗಿಸಿ. ಅಂಗಳದ ಒರಟು ಶಹಾಬಾದ್ ಕಲ್ಲಿನ ಮೇಲೆ ಎಳೆದಾಡಬೇಡಿ, ಬಟ್ಟೆ ತರಚುತ್ತದೆ. ಮನೆಯೊಳಗಿನ ನುಣುಪು ಫರಸಿ ಪರವಾಗಿಲ್ಲ. ಮೇ ತಿಂಗಳ ನಮ್ಮ ಬಿಸಿಲಲ್ಲಿ ತಗಡಿನ ಮಾಳಿಗೆ ಕೆಳಗೆ ಕಟ್ಟಿಟ್ಟರೆ ಕೊಳವೆಯೊಳಗೆ ಗಾಳಿ ಹಿಡಿದಿಡುವ ಚೀಲ, ಅಂದರೆ ಬ್ಲ್ಯಾಡರ್, ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಕಾರಂಜಾ ಜಲಾಶಯದಲ್ಲೇ ಹಾರಿಸಿ ನೋಡಬಹುದಲ್ವಾ ಎಂದು ಬೀದರಿನ ಗೆಳೆಯರು ಕೇಳುತ್ತಾರೆ. ಬೇಡ. ನೀರಿನೊಳಗೆ ಏನಿದೆ ಗೊತ್ತಿರುವುದಿಲ್ಲ, ಎತ್ತಿಕೊಳ್ಳಲು ದೋಣಿ ಇರುವುದಿಲ್ಲ. ಆಷಾಢದ ಗಾಳಿಗೆ ಕೈ ತುರಿಸಿದರೆ 2 ಚದರ ಮೀಟರಿನ ಕಲಿಕೆಯ ಕೈಟ್ ಹಿಡಿದು, ಕರೆಂಟ್ ತಂತಿ ಇಲ್ಲದ ಬಯಲಿಗೆ ಹೋಗಿ. 2019ರಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ಶುರುವಾದ ಶ್ರೀನಿವಾಸ ಸರಡಗಿ ಕಡೆಯೂ, ಬೀದರಿನ ವಾಯುಪಡೆ ನೆಲೆಯ ಸುತ್ತಲೂ ಹಾರಿಸಲೇಬೇಡಿ.

ಕೊನೆಗೆ ನಾನು ಹಳದಿಯ 9 ತೆಗೆದುಕೊಂಡೆ. ತಮ್ಮನಿಗೆ ನೀಲಿಯ ಜಾತಿ ಹಿಡಿಸಿದೆ, ಆದರೆ ಅವನ ತೂಕಕ್ಕೆ 12 ಬೇಕು. ಅಳತೆ ದೊಡ್ಡದಾದರೆ ತಿರುವು ನಿಧಾನ, ಬಾರ್ ಇನ್ನೂ ಬಿರುಸು. 9ರ ಹಾಳೆ ನೋಡಿ 12 ಕೊಳ್ಳಲು ಆಗುವುದಿಲ್ಲ. ಮುಂದಿನ ಗಾಳಿಯ ಕಾಲಕ್ಕೆ ಅವನು ಎರಡು 12 ಬಾಡಿಗೆಗೆ ಹೇಳಿದ್ದಾನೆ, ಒಂದು ಮೂರು ಸ್ಟ್ರಟ್‌ನದು, ಒಂದು ಐದರದು. ನಿಮ್ಮದೂ ನಿಶ್ಚಯವಾದರೆ ಕೈಟಿನ ಜೊತೆಗೇ ರಿಪೇರಿ ಟೇಪ್, ಒಂದೆರಡು ವಾಲ್ವ್, ಲೀಡಿಂಗ್ ಎಡ್ಜಿನ ಒಂದು ಹೆಚ್ಚಿನ ಬ್ಲ್ಯಾಡರ್ ಕೇಳಿ ತೆಗೆದುಕೊಳ್ಳಿ. ಇವು ಕಲಬುರಗಿಯಲ್ಲಿ ಸಿಗುವುದಿಲ್ಲ.